ಟೋಪಿ ಡಬ್ಬಿಯಲ್ಲಿದ್ದ ಇನ್ನೂರ ಮೂವತ್ತನಾಲ್ಕು ಪತ್ರಿಕೆಗಳು

ಮಾನ್ಯ ಅಧ್ಯಕ್ಷರೂ ನಮ್ಮ ಮೌಂಟ್ ನೀಬೋ ಚರ್ಚಿನ ಗುರುಗಳೂ ಆದ ಪಾಸ್ಟರ್ ಹಾಲಿಸ್ ಗ್ರೀರ್ ಅವರೇ, ಪಡುವಣ ಮಗ್ಗುಲಿನ ಪುನರ್ವಸತಿ ಸಮಿತಿಯ ಸಂಚಾಲಕಿ ವಕೀಲೆ ತಮಿಕಾ ವೇಡ್ ಅವರೇ, ಕೌಂಟಿ ಕಚೇರಿಯಿಂದ ಧೈರ್ಯ ಮಾಡಿ ಬಂದಿರುವ ಅತಿಥಿಗಳೇ, ಈ ಊಟದ ಸಭಾಂಗಣವನ್ನು ನಮಗೆ ಬಿಟ್ಟುಕೊಟ್ಟ ಶಾಲೆಯ ಮುಖ್ಯೋಪಾಧ್ಯಾಯರೇ, ಮುಂದಿನ ಸಾಲು ಖಾಲಿಯಿದ್ದರೂ ಹಿಂದಿನ ಸಾಲಿಗೇ ಓಡುವ ನನ್ನ ಬ್ಯಾಪ್ಟಿಸ್ಟ್ ಬಂಧುಗಳೇ, ಹಾಗೂ ಅಡುಗೆಮನೆಯಿಂದ ಬರುತ್ತಿರುವ ಕರಿದ ಮೀನಿನ ವಾಸನೆಗೆ ಆಗಲೇ ಮನಸೋತಿರುವ ಸಭಿಕರೇ, ಎಲ್ಲರಿಗೂ ವರ್ಡೆಲ್ ಟಿಬ್ಸ್‌ಳ ವಂದನೆಗಳು.

ಪಾಸ್ಟರ್ ನನಗೆ ಏಳು ನಿಮಿಷ ಕೊಟ್ಟಿದ್ದಾರೆ. ಭಾನುವಾರದ ಪ್ರಸಂಗಕ್ಕೆ ತಾವು ಮಾತ್ರ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಇದು ದೂರಲ್ಲ. ಚರ್ಚಿನ ಕಾರ್ಯದರ್ಶಿಯಾಗಿ ದಾಖಲಿಸುತ್ತಿದ್ದೇನೆ, ಅಷ್ಟೆ.

ಮೊದಲಿಗೆ ಒಂದು ಮನವಿ. ನಿಮ್ಮ ನಿಮ್ಮ ಕುರ್ಚಿಯ ಮೇಲೆ ಒಂದು ಲಕೋಟೆ ಇಟ್ಟಿದೆ. ನಾನು ಹೇಳುವವರೆಗೆ ಅದನ್ನು ಯಾರೂ ಒಡೆಯಬಾರದು. ಚರ್ಚಿನ ಹಿರಿಯರಾದ ಡೀಕನ್ ಬೂನ್ ಅವರೇ, ಅದರಿಂದ ಗಾಳಿ ಹಾಕಿಕೊಳ್ಳಲೂ ಬಾರದು. ಎಂಬತ್ತೊಂದು ವರ್ಷವಾದರೂ ನಿಮಗೆ ಹೇಳಿದ ಮಾತು ಕೇಳುವ ಅಭ್ಯಾಸ ಬರಲಿಲ್ಲ.

ಇಂದು ನೀವು ನನಗೆ ಈ ಫಲಕ ಕೊಟ್ಟಿದ್ದೀರಿ. ‘ನಲವತ್ತೊಂದು ವರ್ಷ ಚರ್ಚಿನ ಶ್ರದ್ಧಾಂಜಲಿ ಪತ್ರಿಕೆಗಳನ್ನು ನಿಷ್ಠೆಯಿಂದ ಬರೆದು, ಅರವತ್ತಮೂರು ಮನೆತನಗಳಿಗೆ ನೆಲ ಉಳಿಸಿಕೊಟ್ಟ ಸಿಸ್ಟರ್ ವರ್ಡೆಲ್ ಟಿಬ್ಸ್ ಅವರಿಗೆ’ ಎಂದು ಇದರಲ್ಲಿ ಕೆತ್ತಿಸಿದ್ದೀರಿ. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಬೇರೆಯವರ ಬಗ್ಗೆ ಅಚ್ಚಿಗೆ ಕಳಿಸುವ ಮಾತನ್ನು ಮೂರು ಸಲ ತಿದ್ದಿದವಳು ನಾನು. ಇದರಲ್ಲಿ ಒಂದು ತಪ್ಪಿದೆ. ಯಾವುದೆಂದು ಕೊನೆಗೆ ಹೇಳುತ್ತೇನೆ.

ಕೃತಜ್ಞತೆ ಹೇಳಬೇಕಾದವರು ಎಷ್ಟೊಂದು ಜನ! ಊರು ಸುಟ್ಟ ಕಾಡ್ಗಿಚ್ಚಿನ ಮಾರನೆಯ ದಿನ ತನ್ನ ಮನೆಯೂ ಅರ್ಧ ಸುಟ್ಟಿದ್ದರೂ ಬೀದಿಗೆಲ್ಲ ಜೋಳದ ಹಿಟ್ಟಿನ ಕಡುಬಿನಂಥ ತಮಾಲೆ ಬೇಯಿಸಿ ಹಂಚಿದ ಎದುರುಮನೆಯ ಲೂಪೆಗೆ ನಾನು ಋಣಿ. ಗಂಡನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೊರಟಿದ್ದ ನಮ್ಮ ಯುಲಾಳನ್ನು ಹೆಸರು ಕೂಡ ಹೇಳದೆ ತನ್ನ ಟ್ರಕ್ಕಿನಲ್ಲಿ ಎತ್ತಿ ಕೂರಿಸಿದ ಆ ಪುಣ್ಯಾತ್ಮನಿಗೆ ಋಣಿ. ದೇವರು ಅವನನ್ನು ಚೆನ್ನಾಗಿಟ್ಟಿರಲಿ. ಯುಲಾ ನನ್ನ ಅಣ್ಣ ಆರ್ಲಿಸ್‌ನ ವಿಧವೆ. ಗಾಲಿಕುರ್ಚಿಯಲ್ಲಿದ್ದವನು ಅವಳ ಎರಡನೆಯ ಗಂಡ. ಇಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಯುಲಾ, ನೀನು ನನ್ನ ಮುಖವನ್ನು ಹಾಗೆ ನೋಡಬೇಡ. ನಿನ್ನ ವಿಷಯಕ್ಕೂ ಬರುತ್ತೇನೆ.

ಬೆಂಕಿಯ ಕಥೆ ನಿಮಗೆ ಹೊಸದಾಗಿ ಹೇಳಬೇಕೆ? ಕಾಲ್ಡರ್ ಹೈಟ್ಸ್ ಒಂದೇ ಊರು. ನಡುವೆ ಸೈಪ್ರೆಸ್ ರಸ್ತೆ. ಮೂಡಣ ಮಗ್ಗುಲಿನವರ ಫೋನುಗಳಿಗೆ ಮನೆ ಬಿಡಿರೆಂಬ ಸೂಚನೆ ಸಂಜೆಯೇ ಬಂತು. ಪಡುವಣ ಮಗ್ಗುಲಿಗೆ, ಅಂದರೆ ನಮಗೆ, ಅದು ಬಂದದ್ದು ಚಾವಣಿಗಳಿಗೆ ಕಿಡಿ ಬಿದ್ದ ಮೇಲೆ. ನಮ್ಮ ಕಪ್ಪು ಜನಕ್ಕೆ ಒಂದು ಕಾಲದಲ್ಲಿ ಸೈಪ್ರೆಸ್ ರಸ್ತೆಯ ಆಚೆ ಯಾರೂ ಮನೆ ಮಾರುತ್ತಿರಲಿಲ್ಲ. ಅದಕ್ಕೇ ನಾವೆಲ್ಲ ಈಚೆ ಸೇರಿದೆವು. ಬೆಂಕಿಯನ್ನು ನಾನು ದೂರುವುದಿಲ್ಲ. ಅದು ರಸ್ತೆ ದಾಟುವಾಗ ಯಾರ ಮೈಬಣ್ಣವನ್ನೂ ಕೇಳಲಿಲ್ಲ. ಆಮೇಲೆ ಬಂದ ಕಾಗದಗಳು ಕೇಳಿದವು.

ಕಾಗದದಲ್ಲಿ ಏನಿತ್ತು? ಮನೆ ಕಟ್ಟಿಕೊಳ್ಳಲು ನೆರವು ಬೇಕಾದರೆ ಮನೆಯ ಖಾತೆ ನಿಮ್ಮ ಹೆಸರಿನಲ್ಲಿರಬೇಕು ಎಂದಿತ್ತು. ಮೂಡಣದವರಿಗೆ ಇದೊಂದು ಮಾತೇ ಅಲ್ಲ. ಅವರ ಅಜ್ಜಂದಿರ ಕಾಲದಿಂದ ವಕೀಲರಿದ್ದರು, ಉಯಿಲು ಇತ್ತು. ನಮ್ಮ ಕಡೆ? ಡೀಕನ್ ಬೂನ್ ಅವರ ಮನೆ ೨೦೦೧ರಲ್ಲಿ ತೀರಿಹೋದ ಅವರ ತಂದೆಯ ಹೆಸರಿನಲ್ಲಿತ್ತು. ಲೆಕ್ಕ ಹಾಕಿದರೆ ಅರವತ್ತಮೂರು ಮನೆಗಳು ಸತ್ತವರ ಹೆಸರಿನಲ್ಲಿದ್ದವು. ನಮ್ಮದೂ ಸೇರಿ. ಊರಿಗೆಲ್ಲ ಬುದ್ಧಿ ಹೇಳುವ ಈ ಕಾರ್ಯದರ್ಶಿಯ ಮನೆ ೨೦೦೪ರಲ್ಲಿ ತೀರಿಕೊಂಡ ನನ್ನ ತಾಯಿಯ ಹೆಸರಿನಲ್ಲೇ ಇತ್ತು. ನಗಬೇಡಿ.

ಕೌಂಟಿ ಕಚೇರಿಯ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ಒಳ್ಳೆಯವಳೇ. “ಅಮ್ಮಾ, ನಿಯಮ ಎಲ್ಲರ್ಗೂ ಒಂದೇ ಅಲ್ವಾ?” ಎಂದಳು.

“ನಿಯಮ ಒಂದೇ ಕಣಮ್ಮಾ, ಇಲ್ಲೀವರ್ಗೂ ಬರೋ ದಾರಿ ಎರಡಿತ್ತು,” ಎಂದೆ.

ನಮ್ಮ ಹಿರಿಯರು ದಕ್ಷಿಣದ ಲೂಸಿಯಾನದಿಂದ, ಮಿಸಿಸಿಪ್ಪಿಯಿಂದ ಬಂದವರು. ಅಲ್ಲಿ ಕಚೇರಿಯ ಕಾಗದಕ್ಕೆ ಸಹಿ ಹಾಕಿದವರು ಮರುದಿನ ಹೊಲ ಕಳೆದುಕೊಂಡಿದ್ದನ್ನು ಕಣ್ಣಾರೆ ಕಂಡವರು. ಅದಕ್ಕೇ ಅವರು ಉಯಿಲು ಬರೆಸಲಿಲ್ಲ, ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಕಾಗದವೆಂದರೆ ಹೆದರುತ್ತಿದ್ದ ಆ ಜನ ಒಂದೇ ಒಂದು ಕಾಗದವನ್ನು ಮಾತ್ರ ತಪ್ಪದೆ ಮಾಡಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ನಾಲ್ಕು ಪುಟದ ಶ್ರದ್ಧಾಂಜಲಿ ಪತ್ರಿಕೆ. ಮುಂದೆ ಫೋಟೊ, ಒಳಗೆ ಹಾಡುಗಳು, ಹುಟ್ಟಿದ ಊರು, ಮಾಡಿದ ಕೆಲಸ. ಕೊನೆಯ ಪುಟದಲ್ಲಿ, ‘ಮೃತರು ಇಂತಿಂಥವರನ್ನು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಆ ಕೊನೆಯ ಪುಟಕ್ಕಾಗಿ ನಮ್ಮಲ್ಲಿ ಎಂಥೆಂಥ ಜಗಳಗಳಾಗಿವೆ! ನನ್ನ ಹೆಸರು ಅವಳ ಹೆಸರಿಗಿಂತ ಕೆಳಗೆ ಏಕೆ ಬಂತೆಂದು ಮಾತು ಬಿಟ್ಟ ಅಕ್ಕತಂಗಿಯರು ಈ ಸಭಾಂಗಣದಲ್ಲೇ ಇದ್ದಾರೆ. ನಾನು ಯಾರ ಕಡೆಗೂ ನೋಡುತ್ತಿಲ್ಲ.

ತಮಿಕಾಗೆ ಹೊಳೆದದ್ದು ಅದೇ. “ಮಿಸ್ ವರ್ಡೆಲ್, ಆಫೀಸಿನವರು ಕೇಳ್ತಿರೋದು ವಂಶವೃಕ್ಷ. ನೀವು ನಲವತ್ತು ವರ್ಷದಿಂದ ಬರೀತಿರೋದು ಇನ್ನೇನು ಮತ್ತೆ?” ಎಂದಳು.

ನಾನು ಕುರ್ಚಿಯಿಂದ ಎದ್ದು ಅವಳನ್ನು ಅಪ್ಪಿಕೊಂಡೆ. ಅಪ್ಪಿಕೊಂಡ ಮೇಲೆ ನೆನಪಾಯಿತು. ನನ್ನ ಪ್ರತಿಗಳೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿದ್ದವು. ಚರ್ಚೇ ಇಲ್ಲ, ನೆಲಮಾಳಿಗೆ ಎಲ್ಲಿಂದ? ನಿಮ್ಮ ನಿಮ್ಮ ಬೈಬಲ್ಲಿನೊಳಗೆ ಇಟ್ಟಿರುವುದನ್ನು ತನ್ನಿ ಎಂದು ಎಲ್ಲರಿಗೂ ಹೇಳಿಕಳಿಸಿದೆವು. ಬೈಬಲ್ಲುಗಳೂ ಸುಟ್ಟಿದ್ದವು. ಮೂರು ವಾರಕ್ಕೆ ಹತ್ತೊಂಬತ್ತು ಪತ್ರಿಕೆ ಸಿಕ್ಕವು. ಅಷ್ಟರಲ್ಲಿ ಸುಟ್ಟ ನಿವೇಶನ ಕೊಳ್ಳುವವರು ಗೇಟೇ ಇಲ್ಲದ ಗೇಟಿನ ಕಂಬಗಳಿಗೆಲ್ಲ ‘ಮಾರುವವರು ಕರೆಮಾಡಿ’ ಎಂಬ ತಮ್ಮ ಚೀಟಿ ಅಂಟಿಸಿ ಹೋಗಿದ್ದರು. ಡೀಕನ್ ಬೂನ್ ಒಂದು ಚೀಟಿಯನ್ನು ಮಡಿಸಿ ಟೋಪಿಯೊಳಗೆ ಸಿಕ್ಕಿಸಿಕೊಂಡದ್ದನ್ನು ನಾನು ನೋಡಿದೆ. ಅವತ್ತು ನನಗೆ ನಿಜಕ್ಕೂ ಭಯವಾಯಿತು.

ನಾಲ್ಕನೆಯ ವಾರ ಒಬ್ಬ ಹೆಂಗಸು ಬಸ್ ಚಾಲಕರ ಸಮವಸ್ತ್ರದಲ್ಲಿ ಬಂದು ನಮ್ಮ ಮೇಜಿನ ಮೇಲೆ ಹಳೆಯ ಗುಂಡನೆಯ ಟೋಪಿ ಡಬ್ಬಿ ಇಟ್ಟಳು. ತೆರೆದರೆ ಒಳಗೆ ವರ್ಷದ ಪ್ರಕಾರ ಜೋಡಿಸಿ ದಾರ ಕಟ್ಟಿದ ಪತ್ರಿಕೆಗಳು. ಇನ್ನೂರ ಮೂವತ್ತನಾಲ್ಕು! ಎಲ್ಲವೂ ನಾನು ಬರೆದವು. ತಮಿಕಾ ಕುಣಿದಾಡಿದಳು. ನಾನು ಕುಣಿಯಲಿಲ್ಲ. ಅವಳು ಯಾರೆಂದು ನನಗೆ ಗೊತ್ತಿತ್ತು.

ಅವಳು ಜೊನೆಟ್. ಕೆಳಗಿನ ಪಟ್ಟಣದಲ್ಲಿರುತ್ತಾಳೆ, ಇಲ್ಲಿಗೆ ಇಪ್ಪತ್ತು ಮೈಲಿ. ನನ್ನ ಅಣ್ಣ ಆರ್ಲಿಸ್‌ನ ಮಗಳು. ಮದುವೆಗೆ ಮುಂಚೆ ಒಪಲ್ ಎಂಬವಳಲ್ಲಿ ಹುಟ್ಟಿದವಳು. ಮಗುವಾಗಿದ್ದಾಗ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಿದ್ದಳು. ಹಿತ್ತಲ ಬಾಗಿಲಿಂದ. ನನ್ನ ತಾಯಿ ಅಡುಗೆಮನೆಯಲ್ಲೇ ಕೂರಿಸಿ, ಪೀಚ್ ಹಣ್ಣಿನ ಸಿಹಿ ಬಡಿಸಿ, ತಲೆ ಬಾಚಿ ಕಳಿಸುತ್ತಿದ್ದಳು. ಮುಂಬಾಗಿಲ ಕಡೆ ಅವಳನ್ನು ಬಿಡುತ್ತಿರಲಿಲ್ಲ, ಏಕೆಂದರೆ ಮುಂದಿನ ಕೋಣೆಯಲ್ಲಿ ಚರ್ಚಿನವರು ಕೂತಿರುತ್ತಿದ್ದರು. ನಾನೂ ಕೂತಿರುತ್ತಿದ್ದೆ.

ಆರ್ಲಿಸ್ ೧೯೯೮ರಲ್ಲಿ ತೀರಿಕೊಂಡ. ಪತ್ರಿಕೆ ನಾನೇ ಬರೆದೆ. ಕೊನೆಯ ಪುಟದಲ್ಲಿ ಜೊನೆಟ್ ಹೆಸರು ಹಾಕಲಿಲ್ಲ. ಯುಲಾಗೆ ನೋವಾಗುತ್ತದೆ, ಹೆಂಡತಿ ಬೇಡವೆಂದ ಮೇಲೆ ನಾನು ಯಾರು ಹಾಕಲು...

ಇಲ್ಲ. ಕ್ಷಮಿಸಿ. ಇಪ್ಪತ್ತೇಳು ವರ್ಷ ಹೇಳಿ ಹೇಳಿ ಬಾಯಿಗೆ ಅದೇ ಬರುತ್ತದೆ. ಯುಲಾ ಇಲ್ಲೇ ಕೂತಿದ್ದಾಳೆ, ಅವಳೆದುರಿಗೇ ಹೇಳಿಬಿಡುತ್ತೇನೆ. ಯುಲಾ ಅಂದು ನನ್ನ ಕೈ ಹಿಡಿದುಕೊಂಡು, “ವರ್ಡೆಲ್, ಆ ಹುಡ್ಗಿ ಹೆಸ್ರು ಹಾಕೇ. ಹಣೆ ನೋಡು, ಥೇಟು ಅವರದ್ದೇ,” ಎಂದಿದ್ದಳು. ಜಾಗ ಸಾಲುವುದಿಲ್ಲ ಎಂದವಳು ನಾನು. ಜಾಗ ಇತ್ತು. ಅದೇ ಪುಟದಲ್ಲಿ ಹೂವಿನ ಚಿತ್ರ ಹಾಕಿಸಿದ್ದೆ. ಚರ್ಚಿನ ಕಾರ್ಯದರ್ಶಿಯ ಅಣ್ಣನಿಗೆ ಇಂಥದೊಂದು ಮಗುವಿದೆ ಎಂದು ನನ್ನ ಕೈಯಿಂದಲೇ ಅಚ್ಚಾಗಬೇಕೆ ಎಂಬ ಬಿಗುಮಾನ. ಹೆಸರು ಬಿಟ್ಟದ್ದಷ್ಟೇ ಅಲ್ಲ, ‘ಅವರಿಗೆ ಮಕ್ಕಳಿರಲಿಲ್ಲ’ ಎಂದೂ ಬರೆದೆ. ಆರು ವರ್ಷದ ಮೇಲೆ ನನ್ನ ತಾಯಿ ಹೋದಾಗ ಮೊಮ್ಮಗಳ ಹೆಸರನ್ನೂ ಬಿಟ್ಟೆ. ಎರಡು ಸಲವೂ ಅವಳು ಹಿಂದಿನ ಸಾಲಿನಲ್ಲಿ ಕೂತು ಪತ್ರಿಕೆ ಓದಿ, ಮಡಿಸಿ, ಕೈಚೀಲದೊಳಗೆ ಇಟ್ಟುಕೊಂಡದ್ದನ್ನು ನೋಡಿದ್ದೆ.

ಟೋಪಿ ಡಬ್ಬಿಯ ಎದುರು ನಿಂತು ಅವಳನ್ನು ಕೇಳಿದೆ, “ಇಷ್ಟೊಂದು ಯಾಕೆ ಕೂಡಿಟ್ಟೆ?”

“ಮುಂದಿನ್ ಸಲನಾದ್ರೂ ಹಾಕಿರ್ತೀರೇನೋ ಅಂತ ಬರ್ತಿದ್ದೆ, ಮಿಸ್ ವರ್ಡೆಲ್.”

“ಟಿಬ್ಸ್ ಮನೆಯವರದು ಇದರಲ್ಲಿ ನಾಲ್ಕೇ ಇರೋದು. ಉಳಿದಿದ್ದು?”

ಅವಳು ನಕ್ಕಳು. “ನೀವು ಚೆನ್ನಾಗಿ ಬರೀತೀರಿ. ಓದಿದ್ರೆ ಎಲ್ಲರೂ ನಮ್ಮೋರೇ ಅನ್ಸೋದು. ಹಾಗಾಗಿ ರಜೆ ಹಾಕಿ ಬರ್ತಿದ್ದೆ.”

ಸಭಿಕರೇ, ನನ್ನ ಬರವಣಿಗೆಗೆ ಸಿಕ್ಕ ಹೊಗಳಿಕೆ ಇದೊಂದೇ. ಯಾರ ಬಾಯಿಂದ ಸಿಕ್ಕಿತು ನೋಡಿ.

ಮುಂದಿನ ನಾಲ್ಕು ತಿಂಗಳು ಜೊನೆಟ್ ಬಸ್ಸಿನ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಳು. ಒಂದೊಂದೇ ಪತ್ರಿಕೆ ಹಿಡಿದು ಆಯಾ ಮನೆಯವರಿಗೆ ಫೋನು ಮಾಡಿ, ಹೆಸರುಗಳನ್ನು ಓದಿ, ಇದ್ದವರು ಯಾರು, ಹೋದವರು ಯಾರು, ಹೆಸರು ಬಿಟ್ಟುಹೋದವರು ಯಾರು ಎಂದು ಕೇಳಿ ಗುರುತು ಹಾಕಿದಳು. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿದೆ. ನಮ್ಮಿಬ್ಬರ ನಡುವೆ ಆ ಎರಡು ಪತ್ರಿಕೆಗಳ ಮಾತು ಮತ್ತೆ ಬರಲಿಲ್ಲ. ಅವಳು ಎತ್ತಲಿಲ್ಲ, ನನಗೆ ಧೈರ್ಯವಾಗಲಿಲ್ಲ.

ಕೊನೆಗೆ ವಿಚಾರಣೆಯ ದಿನ ಬಂತು. ನಿಮ್ಮಲ್ಲಿ ಬಹುಮಂದಿ ಅಂದು ಅಲ್ಲಿದ್ದಿರಿ. ಮೂವರು ಸದಸ್ಯರ ಸಮಿತಿ, ನಡುವೆ ಕನ್ನಡಕದ ಅಧ್ಯಕ್ಷೆ, ಪಕ್ಕದಲ್ಲಿ ಕಚೇರಿಯ ಪರವಾಗಿ ವಕೀಲರು. ನನ್ನಿಂದ ಪ್ರಮಾಣ ಮಾಡಿಸಿದರು. ಅರವತ್ತಮೂರು ಮನೆಗಳವರು ಹಿಂದೆ ಕೂತಿದ್ದರು. ಈ ಪತ್ರಿಕೆಗಳನ್ನು ವಂಶವೃಕ್ಷವೆಂದು ಒಪ್ಪಿದರೆ ನೆರವು ಸಿಗುತ್ತದೆ. ಒಪ್ಪದಿದ್ದರೆ ಕಂಬಕ್ಕೆ ಅಂಟಿಸಿದ ಚೀಟಿಗಳೇ ಗತಿ.

ವಕೀಲರು ಹಿರಿಯ ಬೂನ್ ಅವರ ಪತ್ರಿಕೆ ಎತ್ತಿಹಿಡಿದರು. “ಮೇಡಂ, ಇದ್ರಲ್ಲಿ ಹನ್ನೊಂದು ಮಕ್ಕಳು ಅಂತಿದೆ. ಜನನ ದಾಖಲೆಯಲ್ಲಿ ಎಂಟೇ ಇದೆಯಲ್ಲ?”

“ಮೂರು ಅವರು ಸಾಕಿದ್ದು ಸಾರ್. ತಟ್ಟೆ ಇಟ್ಟ ಮೇಲೆ ಮಕ್ಕಳೇ ನಮ್ಮಲ್ಲಿ,” ಎಂದೆ.

ಹಿಂದಿನಿಂದ ಡೀಕನ್ ಬೂನ್, “ಆ ಮೂವರೇ ಜಾಸ್ತಿ ತಿಂತಿದ್ದಿದ್ದು!” ಎಂದು ಕೂಗಿದರು. ಅಧ್ಯಕ್ಷೆಯೂ ನಕ್ಕರು. ಮನೆಯವರೇ ಸಾಕಿದವರ ಪಕ್ಕದಲ್ಲಿ ಗುರುತು ಹಾಕಿಕೊಟ್ಟಿದ್ದನ್ನು ತಮಿಕಾ ತೋರಿಸಿದಳು. ನನಗೆ ಸ್ವಲ್ಪ ಉಸಿರು ಬಂತು.

ಆಗ ವಕೀಲರು ಬಹಳ ಮೆತ್ತಗೆ ಕೇಳಿದರು. “ಸೇರಿಸಿದ್ದು ಸರಿ. ಬಿಟ್ಟಿದ್ದು? ಈ ನಲವತ್ತೊಂದು ವರ್ಷದಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಯಾರ ಹೆಸರನ್ನಾದ್ರೂ ಬಿಟ್ಟಿದ್ದೀರಾ?”

ನೀವೇ ಹೇಳಿ, ನಾನು ಏನು ಹೇಳಬೇಕಿತ್ತು? ಇಲ್ಲವೆಂದರೆ ಪ್ರಮಾಣ ಮಾಡಿ ಸುಳ್ಳು. ಹೌದೆಂದರೆ ನನ್ನ ಬಿಗುಮಾನಕ್ಕೆ ಅರವತ್ತಮೂರು ಮನೆ ಬಲಿ. ಇನ್ನೊಂದನ್ನೂ ಹೇಳುತ್ತೇನೆ. ಹೌದೆಂದರೆ ನನ್ನ ತಾಯಿಯ ನಿವೇಶನದಲ್ಲಿ ಅರ್ಧ ಆರ್ಲಿಸ್‌ನ ಮಗಳಿಗೆ ಹೋಗುತ್ತದೆ ಎಂಬುದು ನನಗೆ ತಿಳಿದಿತ್ತು. ಅದು ಆ ಕ್ಷಣ ತಲೆಗೆ ಬರಲಿಲ್ಲ ಎಂದು ಹೇಳುವಷ್ಟು ಒಳ್ಳೆಯವಳು ನಾನಲ್ಲ. ಬಂತು. ತಿರುಗಿ ನೋಡಿದೆ. ಡೀಕನ್ ಬೂನ್ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು, ಒಳಗಿನ ಚೀಟಿ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಜೊನೆಟ್ ಕೈಚೀಲ ತೊಡೆಯ ಮೇಲೆ ಇಟ್ಟುಕೊಂಡು, ಚರ್ಚಿನಲ್ಲಿ ಕೂರುತ್ತಿದ್ದ ಹಾಗೆಯೇ ಕೂತಿದ್ದಳು.

“ಒಬ್ಬಳನ್ನ ಬಿಟ್ಟಿದೀನಿ ಸಾರ್. ನಮ್ಮಣ್ಣನ ಮಗಳನ್ನ. ಜಾಗ ಇತ್ತು, ಬೇಕಂತ್ಲೇ ಬಿಟ್ಟೆ,” ಎಂದೆ.

ತಮಿಕಾ ಕಣ್ಣು ಮುಚ್ಚಿಕೊಂಡಳು.

“ಹಾಗಾದ್ರೆ ಉಳಿದಿದ್ದನ್ನ ನಾವು ನಂಬೋದು ಹೇಗೆ?” ಎಂದರು ವಕೀಲರು. ನ್ಯಾಯವಾದ ಪ್ರಶ್ನೆ.

ಆಗ ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು. ಜೊನೆಟ್ ಎದ್ದು ನಿಂತಿದ್ದಳು. “ನಂಬಬೋದು ಸಾರ್. ಇನ್ನೂರ ಮೂವತ್ತನಾಲ್ಕನ್ನೂ ನಾನು ಓದಿದೀನಿ. ಒಂದೊಂದು ಮನೆಗೂ ಫೋನ್ ಮಾಡಿ ಕೇಳಿದೀನಿ. ಇವರು ಬಿಟ್ಟಿರೋದು ನನ್ನೊಬ್ಬಳನ್ನೇ.”

ಅಧ್ಯಕ್ಷೆ ಕನ್ನಡಕ ತೆಗೆದು ಅವಳನ್ನು ನೋಡಿದರು. “ಇವರು ನಿಮಗೆ ಏನಾಗಬೇಕು?”

ಜೊನೆಟ್ ಕೈಚೀಲವನ್ನು ಕುರ್ಚಿಯ ಮೇಲಿಟ್ಟಳು. “ಅತ್ತೆ ಆಗ್ಬೇಕು,” ಎಂದಳು.

ಐವತ್ತಮೂರು ವರ್ಷದ ಆ ಹೆಂಗಸು ನನ್ನನ್ನು ಅತ್ತೆ ಎಂದದ್ದು ಅದೇ ಮೊದಲು. ಸಾಕ್ಷಿಯ ಕಟಕಟೆಯಲ್ಲಿ ನಿಂತು ನಾನು ಗಳಗಳನೆ ಅತ್ತುಬಿಟ್ಟೆ. ವಕೀಲರೇ ನೀರು ತಂದುಕೊಟ್ಟರು. ಅವರಿಗೂ ನನ್ನ ಕೃತಜ್ಞತೆಗಳು. ಅವರು ಆ ಪ್ರಶ್ನೆ ಕೇಳದಿದ್ದರೆ ನಾನಾಗಿ ಹೇಳುತ್ತಿದ್ದೆನೆ? ಹೇಳುತ್ತಿರಲಿಲ್ಲ.

ಆರು ವಾರದ ಮೇಲೆ ತೀರ್ಪು ಬಂತು. ಪತ್ರಿಕೆಯ ಜೊತೆಗೆ ಇಬ್ಬರ ಪ್ರಮಾಣಪತ್ರವಿದ್ದರೆ, ಹೆಸರು ಬಿಟ್ಟುಹೋದವರು ಬಂದು ಹೇಳಲು ಅವಕಾಶವಿದ್ದರೆ, ಅದನ್ನು ವಂಶವೃಕ್ಷವೆಂದು ಒಪ್ಪಬಹುದು ಎಂದು. ಅರವತ್ತಮೂರಕ್ಕೆ ಅರವತ್ತಮೂರೂ ಮನೆ! ಡೀಕನ್ ಬೂನ್ ಟೋಪಿಯೊಳಗಿನ ಚೀಟಿ ತೆಗೆದು ಅದರಿಂದಲೇ ಮೂಗು ಒರೆಸಿಕೊಂಡರು. ಕೌಂಟಿಯ ಅತಿಥಿಗಳೇ, ಅದಕ್ಕೆ ಹೃದಯಪೂರ್ವಕ ವಂದನೆಗಳು. ಮುಂದಿನ ಸಲ ಸೂಚನೆಯೂ ರಸ್ತೆಯ ಎರಡೂ ಕಡೆ ಒಂದೇ ಹೊತ್ತಿಗೆ ಬರಲಿ. ನಾವು ಕೇಳುವುದನ್ನು ನಿಲ್ಲಿಸುವುದಿಲ್ಲ, ತಮಿಕಾ ಅರ್ಜಿ ಆಗಲೇ ಬರೆದಾಗಿದೆ.

ನಮ್ಮ ಹೊಸ ಮನೆಯ ನಕ್ಷೆ ತಯಾರಾದಾಗ ಜೊನೆಟ್‌ಗೆ ತೋರಿಸಿದೆ. ಅರ್ಧ ನಿನ್ನದು, ಏನು ಬೇಕೋ ಹೇಳು ಎಂದೆ. ಅವಳು ಹಿತ್ತಲ ಬಾಗಿಲು ಎಲ್ಲಿದೆ ಎಂದು ಕೇಳಿದಳು. ಬೆರಳಿಟ್ಟು ತೋರಿಸಿದೆ.

“ಇರ್ಲಿ ಬಿಡಿ ಅತ್ತೆ, ಕಸ ಹಾಕೋಕೆ ಬೇಕಲ್ಲ. ನಂಗೆ ಮುಂಬಾಗಿಲಿನ ಕೀ ಒಂದು ಮಾಡ್ಸಿಕೊಡಿ.”

ಈಗ ಫಲಕದ ತಪ್ಪಿಗೆ ಬರುತ್ತೇನೆ. ‘ನಿಷ್ಠೆಯಿಂದ ಬರೆದು’ ಎಂದು ಕೆತ್ತಿಸಿದ್ದೀರಿ. ಇನ್ನೂರ ಮೂವತ್ತೆರಡರ ಮಟ್ಟಿಗೆ ಅದು ನಿಜ. ಪಾಸ್ಟರ್, ನಿಮ್ಮ ಅಪ್ಪಣೆಯಿದ್ದರೆ ಉಳಿದ ಎರಡರಲ್ಲಿ ಒಂದನ್ನು ಇಂದು ತಿದ್ದುತ್ತೇನೆ. ತಾಯಿಯದನ್ನು ಹೊಸ ಮನೆಯ ಗೃಹಪ್ರವೇಶದ ದಿನ ತಿದ್ದೋಣ.

ಎಲ್ಲರೂ ಲಕೋಟೆ ಒಡೆಯಿರಿ. ಡೀಕನ್ ಬೂನ್ ಅವರೇ, ನಿಮ್ಮದು ಆಗಲೇ ಒಡೆದಿದೆ ಎಂದು ಇಲ್ಲಿಂದಲೇ ಕಾಣುತ್ತಿದೆ. ಅದು ೧೯೯೮ರ ಪತ್ರಿಕೆ. ಅದೇ ಫೋಟೊ, ಅವನ ಅದೇ ಓರೆ ಟೋಪಿ, ಅವೇ ಹಾಡುಗಳು. ಯುಲಾ, ನೀನೂ ನೋಡು. ಕೊನೆಯ ಪುಟದಲ್ಲಿ ಹೂವಿನ ಚಿತ್ರ ತೆಗೆಸಿದ್ದೇನೆ.

ಜೊನೆಟ್, ಇಂದೂ ಹಿಂದಿನ ಸಾಲಿನಲ್ಲೇ ಕೂತಿದ್ದೀಯ. ನಿನ್ನ ಕೈಯಲ್ಲಿರುವುದನ್ನೂ ಬಿಚ್ಚಮ್ಮಾ. ಹುಡುಕಬೇಕಾಗಿಲ್ಲ. ಮೊದಲನೆಯ ಹೆಸರೇ.

ಇಷ್ಟು ಹೊತ್ತು ಮೀನು ಆರುವುದನ್ನೂ ಲೆಕ್ಕಿಸದೆ ಕೇಳಿದ ನಿಮಗೆಲ್ಲ ನಾನು ಋಣಿ. ಎಲ್ಲರಿಗೂ ನಮಸ್ಕಾರ.